ಹಳೆ ಧೋತರದಿಂದ ಬಿಸಿಲು ಕೋಟು: ಹೊಲಿದ ಬಗೆ, ಹೊಲಿದ ಲೆಕ್ಕ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸ್ಕೂಟಿ ಮೇಲೆ ಹೋಗುವ ಹೆಣ್ಣುಮಕ್ಕಳೆಲ್ಲ ಕೋಟು ಹಾಕಲೇಬೇಕು. ಬಿಸಿಲು 42, 43 ಡಿಗ್ರಿ ಮುಟ್ಟುವ ಊರಿನಲ್ಲಿ ಅದು ಶೋಕಿಯಲ್ಲ. ಆದರೆ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ರಾಶಿ ಹಾಕಿ ಮಾರುವ ರೆಡಿಮೇಡ್ ಕೋಟು ಎರಡನೇ ಬೇಸಿಗೆ ಕಾಣುವುದು ಅಪರೂಪ. ಸ್ಕೂಲ್ ಟೀಚರ್ ಒಬ್ಬರು ಅಂಥದ್ದೊಂದನ್ನು ರಿಪೇರಿಗೆ ತಂದರು. ಕಂಕುಳಲ್ಲಿ ಗೇಣುದ್ದ ಹರಿದಿತ್ತು.

ಒಳಮಗ್ಗಲು ತಿರುವಿ ನೋಡಿದೆ. ಹೊಲಿಗೆ ಒಂದು ಟಾಕೂ ಬಿಚ್ಚಿರಲಿಲ್ಲ. ಹರಿದದ್ದು ಹೊಲಿಗೆಯ ಪಕ್ಕದ ಬಟ್ಟೆ. ದಾರ ಪಾಲಿಯೆಸ್ಟರ್, ಬಟ್ಟೆ ತೆಳ್ಳನೆಯ ಮಿಕ್ಸ್ ಕಾಟನ್, ಟಾಕು ಇಂಚಿಗೆ ಹದಿನಾಲ್ಕರಷ್ಟು ಒತ್ತೊತ್ತಾಗಿ ಬಿದ್ದಿವೆ. ಅಷ್ಟು ಹತ್ತಿರ ಹತ್ತಿರ ಸೂಜಿ ಚುಚ್ಚಿದರೆ ಬಟ್ಟೆಯಲ್ಲಿ ತೂತಿನ ಸಾಲೇ ಆಗುತ್ತದೆ, ಗಟ್ಟಿ ದಾರ ಅದನ್ನು ಕೊಯ್ಯುತ್ತದೆ. ಒಳಗೆ ಬಿಟ್ಟ ಬಟ್ಟೆ ಕಾಲಿಂಚು, ಅದರ ಮೇಲೂ ಓವರ್‌ಲಾಕ್, ಅಂದರೆ ಅಂಚು ಕತ್ತರಿಸಿ ದಾರ ಸುತ್ತುವ ಹೊಲಿಗೆ, ಓಡಿಸಿದ್ದಾರೆ. ಬಿಚ್ಚಿ ಮತ್ತೆ ಹೊಲಿಯೋಣ ಅಂದರೆ ಹಿಡಿಯಲು ಬಟ್ಟೆಯೇ ಇಲ್ಲ. ರಿಪೇರಿ ಆಗದ ಹಾಗೆಯೇ ಹೊಲಿದ ಕೋಟು ಅದು. ಹೊಸದು ಮಾಡಿಕೊಡುತ್ತೇನೆ ಅಂದೆ, ಮೇಡಂ ಒಪ್ಪಿದರು. ಅದನ್ನು ಮಾಡಿದ ರೀತಿ ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರೂ ಮಾಡಲಿ ಅಂತ.

ನನಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಬಟ್ಟೆ ಡಿಸೈನ್ ಮಾಡುವುದು, ಹೊಲಿಯುವುದು ನನ್ನ ಉದ್ಯೋಗ. ಬ್ರಹ್ಮಪುರದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಜೊತೆಗೆ ಇಬ್ಬರಿದ್ದಾರೆ: ನನ್ನ ಹಾಗೆ ಕೇಳಿಸದ ಒಬ್ಬ ತಂಗಿ, ಮತ್ತು ಕೌದಿ (ಹಳೆ ಬಟ್ಟೆ ಪದರು ಪದರಾಗಿ ಸೇರಿಸಿದ್ದು) ಹೊಲಿಯುವ ಆಯಿ. ಆಯಿಗೆ ಕಿವಿ ಚೆನ್ನಾಗಿದೆ, ಓದು ಬರಹ ಇಲ್ಲ. ನಾವು ಮೂವರೂ ಮಾತಾಡುವುದು ಕೈಯಲ್ಲೇ.

ಬಟ್ಟೆಗೆ ಹಳೆ ಧೋತರ ಆರಿಸಿದೆ. ನಮ್ಮ ಕಡೆ ಹಿರಿಯರು ತೊಟ್ಟುಬಿಟ್ಟ ಧೋತರ ಪ್ರತಿ ಮನೆಯ ಟ್ರಂಕಿನಲ್ಲೂ ಸಿಗುತ್ತವೆ. ನೂರಾರು ಸಲ ಒಗೆಸಿಕೊಂಡ ಹತ್ತಿ ಬಟ್ಟೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಮೈಗೆ ಮೆತ್ತಗೆ, ಬೆವರನ್ನು ಹೊಸ ಬಟ್ಟೆಗಿಂತ ಬೇಗ ಹೀರುತ್ತದೆ. ಆದರೆ ಧೋತರದ ಎಲ್ಲ ಭಾಗವೂ ಒಂದೇ ಥರ ಸವೆಯುವುದಿಲ್ಲ. ಕೂರುವ ಜಾಗ ತೆಳ್ಳಗಾಗಿರುತ್ತದೆ, ಹಿಮ್ಮಡಿಗೆ ತಾಗುವ ಅಂಚು ಜೂಲಾಗಿರುತ್ತದೆ. ಒಳಗೆ ಸಿಕ್ಕಿಸುವ ತುದಿಯ ಕಡೆ ಮಾತ್ರ ಬಟ್ಟೆ ಹೊಸದರ ಹಾಗೆ ಗಟ್ಟಿ.

ಮೊದಲು ಕಿಟಕಿಗೆ ಹಿಡಿದು ನೋಡಬೇಕು. ಬೆಳಕು ಒಂದೇ ಸಮ ಬಂದರೆ ಸರಿ. ಅಲ್ಲಲ್ಲಿ ಜಾಸ್ತಿ ಬಂದರೆ ಆ ಜಾಗಕ್ಕೆ ಚಾಕ್‌ಪೀಸಿನಿಂದ ಸುತ್ತು ಹಾಕುತ್ತೇನೆ. ಆಮೇಲೆ ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಹಾಸಿನ ಕಡೆಗೊಮ್ಮೆ, ಹೊಕ್ಕಿನ ಕಡೆಗೊಮ್ಮೆ ಜಗ್ಗುತ್ತೇನೆ. ಎಳೆ ಹರಿಯುವುದಕ್ಕೆ ಮೊದಲು ಬೆರಳಿಗೆ ಸಣ್ಣ ಚಿಟಿಚಿಟಿ ಗೊತ್ತಾಗುತ್ತದೆ. ಹಾಗೆ ಗೊತ್ತಾದ ಜಾಗ ಭಾರ ಬೀಳುವ ಕಡೆ ಬೇಡ. ಅಂಥ ತುಂಡನ್ನು ಎಸೆಯುವುದೂ ಬೇಡ, ಅದಕ್ಕೆ ಭುಜದ ಕೌದಿಯಲ್ಲಿ ನಡುವಿನ ಪದರಿನ ಕೆಲಸ ಇದೆ.

ಧೋತರದಲ್ಲಿ ವರ್ಷಾನುಗಟ್ಟಲೆ ಕೂತ ಗಂಜಿ, ನೀಲಿ, ಸೋಪಿನ ಜಿಡ್ಡು ಹೋಗದೆ ಬಣ್ಣ ಹತ್ತುವುದಿಲ್ಲ. ವಾಷಿಂಗ್ ಸೋಡಾ ಹಾಕಿ ಕುದಿಸಬೇಕು, ನೀರು ತಿಳಿಯಾಗುವ ತನಕ ಜಾಲಾಡಬೇಕು. ಇಲ್ಲಿ ಒಂದು ಮಾತು: ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ನೆಲ, ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ. ಈ ಭಾಗದ ಬೋರಿನ ನೀರು ಗಡಸು. ಗಡಸು ನೀರಲ್ಲಿ ಸೋಪು ನೊರೆ ಬಿಡುವುದಿಲ್ಲ, ಜಿಡ್ಡು ಬಟ್ಟೆಗೇ ವಾಪಸ್ ಅಂಟುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಾಟಕ್ಕೂ ಬಣ್ಣಕ್ಕೂ ಅದನ್ನೇ ಬಳಸಿ.

ಬಿಳಿ ಧೋತರವನ್ನು ಹಾಗೇ ಹೊಲಿದರೆ ಆಗುವುದಿಲ್ಲವೇ ಅಂತ ಮೇಡಂ ಕೇಳಿದ್ದರು. ಬಿಳಿ ಬಟ್ಟೆ ಶಾಖವನ್ನು ಹಿಂದಕ್ಕೆ ತಳ್ಳುತ್ತದೆ, ನಿಜ. ಆದರೆ ಚರ್ಮ ಸುಡುವ ನೇರಳಾತೀತ ಕಿರಣಗಳು ತೆಳು ಬಿಳಿ ಹತ್ತಿಯಲ್ಲಿ ಸಾಕಷ್ಟು ಒಳಗೆ ನುಗ್ಗುತ್ತವೆ. ಒಗರು ಇರುವ ಬಣ್ಣ, ಅಂದರೆ ಅಳಲೆಕಾಯಿ, ದಾಳಿಂಬೆ ಸಿಪ್ಪೆ ಇಂಥವು, ಆ ಕಿರಣಗಳನ್ನು ಹೀರಿಕೊಳ್ಳುತ್ತವೆ. ಹಾಗಾಗಿ ತಿಳಿ ಬಣ್ಣ ಬೇಕು, ಆದರೆ ಬಣ್ಣ ಇರಲೇಬೇಕು.

ದಾಳಿಂಬೆ ಸಿಪ್ಪೆ ಜ್ಯೂಸ್ ಅಂಗಡಿಯವರು ಬುಟ್ಟಿಗಟ್ಟಲೆ ಎಸೆಯುತ್ತಾರೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ. ನಮ್ಮ ಬಿಸಿಲಿಗೆ ಅವು ಬೇಗ ಕಟಕಟ ಒಣಗುತ್ತವೆ. ಒಣ ಬಟ್ಟೆಯ ತೂಕ ಎಷ್ಟೋ ಸಿಪ್ಪೆಯ ತೂಕವೂ ಅಷ್ಟೇ. ಈ ಕೋಟಿಗೆ ಬಟ್ಟೆ 900 ಗ್ರಾಂ, ಸಿಪ್ಪೆ 900 ಗ್ರಾಂ. ಬಣ್ಣ ಬಟ್ಟೆಗೆ ಕಚ್ಚಿಕೊಳ್ಳಲು ಪಟಿಕ ಬೇಕು, ಬಟ್ಟೆ ತೂಕದ ನೂರಕ್ಕೆ 15, ಅಂದರೆ 135 ಗ್ರಾಂ. ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಬೇಕು. ಆ ನೀರಿನಲ್ಲಿ ಬಟ್ಟೆ ಹಾಕಿ ಕುದಿ ಬರಿಸದೆ ಒಂದು ತಾಸು ಬಿಸಿ ಇಡಬೇಕು. ಸಿಪ್ಪೆಯಲ್ಲೇ ಒಗರು ಇರುವುದರಿಂದ ಪಟಿಕ ಹಿಡಿಯಲು ಬೇರೆ ಅಳಲೆಕಾಯಿ ಬೇಕಾಗುವುದಿಲ್ಲ. ಆಮೇಲೆ ಪಟಿಕದ ನೀರು, ಮತ್ತೆ ಸಿಪ್ಪೆ ನೀರು. ಕೊನೆಗೆ ಬಂದದ್ದು ನಮ್ಮ ತೊಗರಿ ಬೇಳೆಯ ಬಣ್ಣ. 2019ರಲ್ಲಿ ಜಿಐ ಟ್ಯಾಗ್ ಪಡೆದ ಬೇಳೆ ಅದು, ಅದರ ಬಣ್ಣ ಈ ಊರಿನ ಬಿಸಿಲಿಗೆ ಹೊಂದುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಇದೇ ನೀರಿಗೆ ಚೂರು ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿದರೆ ಚೆಂದದ ಬೂದು ಬಣ್ಣ ಬರುತ್ತದೆ. ಧೂಳು ಕಾಣುವುದಿಲ್ಲ ಅಂತ ಬಹಳ ಜನ ಅದನ್ನೇ ಕೇಳುತ್ತಾರೆ. ಹಳೆ ಬಟ್ಟೆಗೆ ನಾನು ಹಾಕುವುದಿಲ್ಲ. ಕಬ್ಬಿಣದ ಅಂಶ ಹತ್ತಿಯ ಎಳೆಯನ್ನು ವರ್ಷ ಕಳೆದಂತೆ ತಿನ್ನುತ್ತದೆ, ಮೊದಲೇ ಸವೆದ ಎಳೆ ತಡೆಯುವುದಿಲ್ಲ.

ಬಟ್ಟೆ ನೆರಳಲ್ಲಿ ಒಣಗುತ್ತಿದ್ದಾಗ ಮಿಷನ್ ರಿಪೇರಿಗೆ ಕೂತೆ. ಈ ಭಾಗ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕೇಳಿಸದವರು ಹೊಲಿಗೆ ಮಿಷನ್ ಹೇಗೆ ನಡೆಸುತ್ತಾರೆ ಅಂತ ಕೇಳುವವರು ತುಂಬ ಜನ.

ನನ್ನದು ಕಾಲಲ್ಲಿ ತುಳಿಯುವ ಹಳೆಯ ಕರಿ ಮಿಷನ್. ಎಡ ಅಂಗೈ ಯಾವಾಗಲೂ ಮಿಷನ್ನಿನ ಮೈಮೇಲೆ ಇರುತ್ತದೆ. ದಾರ ಹರಿದರೆ, ಬಾಬಿನ್ ಮುಗಿದರೆ, ಸೂಜಿ ಮೊಂಡಾದರೆ ಒಂದೊಂದಕ್ಕೂ ಬೇರೆ ನಡುಕ. ನೆಲಕ್ಕೆ ಶಹಾಬಾದಿ ಪರಸಿ ಇದೆ, ಕಲ್ಲು ನಡುಕವನ್ನು ನುಂಗುತ್ತದೆ. ಅದಕ್ಕೆ ಮಿಷನ್ನಿನ ಕಾಲು ಮತ್ತು ನನ್ನ ಸ್ಟೂಲು ಎರಡೂ ಒಂದೇ ಮರದ ಹಲಗೆಯ ಮೇಲೆ ಇವೆ. ಕಾಲಡಿಯ ರಬ್ಬರ್ ತೆಗೆದಿದ್ದೇನೆ.

ಈ ಸಲ ಅಂಗೈಗೆ ಒಂದು ಗುದ್ದು ಬರುತ್ತಿತ್ತು. ಗುದ್ದು ಎಲ್ಲಿಯದು ಅಂತ ಹಿಡಿಯುವ ದಾರಿ ಇದು: ಕಾಲಿನ ತುಳಿತ ಒಂದು ಸಲ ಕೆಳಗೆ ಹೋಗಿ ಮೇಲೆ ಬರುವಷ್ಟರಲ್ಲಿ ಸೂಜಿ ಮೂರು ನಾಲ್ಕು ಟಾಕು ಹಾಕಿರುತ್ತದೆ. ತುಳಿತಕ್ಕೊಮ್ಮೆ ಗುದ್ದು ಬಂದರೆ ತೊಂದರೆ ಕೆಳಗೆ, ದೊಡ್ಡ ಗಾಲಿಯಲ್ಲೋ ಅದಕ್ಕೆ ಜೋಡಿಸಿದ ಸರಳಿನಲ್ಲೋ. ಟಾಕಿಗೊಮ್ಮೆ ಬಂದರೆ ತೊಂದರೆ ಮೇಲಿನ ತಲೆಯಲ್ಲಿ. ನನಗೆ ಟಾಕಿಗೊಮ್ಮೆ ಬರುತ್ತಿತ್ತು. ಬೆಲ್ಟ್ ಕಳಚಿ ಕೈಯಿಂದಲೇ ಗಾಲಿಯನ್ನು ನಿಧಾನ ತಿರುಗಿಸಿದೆ. ಸೂಜಿ ತಳ ಮುಟ್ಟಿ ಮೇಲಕ್ಕೆ ಹೊರಟ ಕ್ಷಣದಲ್ಲಿ, ಪ್ರತಿ ಸಲ ಅಲ್ಲೇ, ಬೆರಳಿಗೆ ತಡೆ ಸಿಕ್ಕಿತು. ಆ ಹೊತ್ತಿಗೇ ಶಟಲ್ಲಿನ, ಅಂದರೆ ಕೆಳಗಿನ ದಾರದ ಬಾಬಿನ್ ಕೂರುವ ಭಾಗದ, ಕೊಕ್ಕೆ ಮೇಲಿನ ದಾರದ ಕುಣಿಕೆಯನ್ನು ಹಿಡಿಯುವುದು. ಅಂದಮೇಲೆ ಶಟಲ್ ಬಿಚ್ಚಬೇಕು.

ಬಿಚ್ಚಿದರೆ ಶಟಲ್ ಓಡಾಡುವ ತೋಡಿನಲ್ಲಿ ಎಣ್ಣೆಗೆ ಅಂಟಿದ ಹತ್ತಿ ಧೂಳು ಗಟ್ಟಿಯಾಗಿ ಕೂತಿದೆ, ಅದರೊಳಗೆ ಕೆಂಪು ದಾರದ ಒಂದು ಚೂರು. ಚಿಮುಟದಿಂದ ತೆಗೆದೆ. ಕೊಕ್ಕೆಯ ತುದಿಯನ್ನು ಉಗುರಿನಿಂದ ಸವರಿದರೆ ಸಣ್ಣ ಮುಳ್ಳು ತಾಗಿತು, ಯಾವಾಗಲೋ ಸೂಜಿ ಬಡಿದ ಗುರುತು. ಸೊನ್ನೆ ನಂಬರ್ ಎಮರಿ ಪೇಪರಿನಿಂದ ಒಂದೇ ದಿಕ್ಕಿಗೆ ಉಜ್ಜಿ, ದಾರ ಎಳೆದು ನೋಡಿದೆ, ಸಿಕ್ಕುವುದು ನಿಂತಿತು. ಮಿಷನ್ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ, ಅಡಿಗೆ ಎಣ್ಣೆ ಬೇಡ, ಅವು ಕ್ರಮೇಣ ಅಂಟಾಗಿ ಮಿಷನ್ನನ್ನೇ ಹಿಡಿಯುತ್ತವೆ.

ರಿಪೇರಿ ಕಾಕಾ ಅದೇ ಹೊತ್ತಿಗೆ ಬಂದು, ರಬ್ಬರ್ ಇಲ್ಲದ ಮಿಷನ್ ನೋಡಿ ಕಟಿಂಗ್ ಟೇಬಲ್ ಮೇಲೆ ಚಾಕ್‌ಪೀಸಿನಿಂದ ಬರೆದರು: "ರಬ್ಬರ್ ಯಾಕ ತೆಗದಿ ಬೇ? ಭಾಳ ಸಪ್ಪಳ ಮಾಡ್ತದ." ನಾನು ಕೆಳಗೆ ಬರೆದೆ: "ಆ ಸಪ್ಪಳನೇ ನನಗ ಕೈಗೆ ಬರಬೇಕು ಕಾಕಾ." ಅವರು ಅಂಗೈಯನ್ನು ಮಿಷನ್ ಮೇಲಿಟ್ಟು, ನನಗೆ ತುಳಿಯಲು ಹೇಳಿ, ತುಂಬ ಹೊತ್ತು ಹಾಗೇ ನಿಂತರು. ಈಗ ಬೇರೆಯವರ ಮಿಷನ್ ನೋಡುವಾಗಲೂ ಕೈ ಇಟ್ಟು ನೋಡುತ್ತಾರಂತೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ಮಾತ್ರ ನೆಲದ ನಡುಕ ಬೆರೆತು ನನ್ನ ಕೈಗೆ ಏನೂ ತಿಳಿಯದು. ಕಾಲರ್, ಕಾಜದಂಥ ಸೂಕ್ಷ್ಮ ಕೆಲಸವನ್ನು ಗಿರಣಿ ನಿಂತ ಮೇಲೆ ಇಟ್ಟುಕೊಳ್ಳುತ್ತೇನೆ.

ಇನ್ನು ಕತ್ತರಿಸುವುದು. ಕಾರ್ಖಾನೆ ಕಟಿಂಗಿನಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ಬಟ್ಟೆ ಚಿಂದಿಯಾಗುವುದು ಮಾಮೂಲು, ಯಾಕೆಂದರೆ ಕಂಕುಳು, ಕುತ್ತಿಗೆ ಎಲ್ಲ ಬಾಗು. ಹಳೆಯ ಕಲಿ ಕುರ್ತಾ ಹೊಲಿಯುತ್ತಿದ್ದವರು ಈ ಸಮಸ್ಯೆಯನ್ನು ಯಾವತ್ತೋ ಬಿಡಿಸಿದ್ದರು. ಎಲ್ಲ ತುಂಡೂ ಚೌಕ, ಇಲ್ಲವೇ ಚೌಕವನ್ನು ಮೂಲೆಯಿಂದ ಮೂಲೆಗೆ ಕೊಯ್ದ ಕಲಿ.

ಎದೆ ಸುತ್ತಳತೆ 38 ಇಂಚಿಗೆ ನನ್ನ ಲೆಕ್ಕ: 13 ಇಂಚು ಅಗಲ, 88 ಇಂಚು ಉದ್ದದ ಎರಡು ಪಟ್ಟಿ. ಪ್ರತಿ ಪಟ್ಟಿ ಮುಂದಿನ ಅಂಚಿನಿಂದ ಭುಜದ ಮೇಲೆ ಹಾದು ಹಿಂದಿನ ಅಂಚಿನ ತನಕ ಒಂದೇ ತುಂಡು, ಭುಜದಲ್ಲಿ ಹೊಲಿಗೆಯೇ ಇಲ್ಲ. ಧೋತರದ ಅತಿ ಗಟ್ಟಿ ಭಾಗ ಇದಕ್ಕೆ. 8 ಇಂಚು ಅಗಲ 30 ಇಂಚು ಉದ್ದದ ಎರಡು ತುಂಡು ಮೂಲೆಗೆ ಮೂಲೆ ಕೊಯ್ದರೆ ನಾಲ್ಕು ಕಲಿ, ಮಗ್ಗುಲಿಗೆ ಎರಡೆರಡು. ತೋಳು 18ಕ್ಕೆ 25, ಇದರಲ್ಲಿ ಕೊನೆಯ ಮೂರಿಂಚು ಅಂಗೈ ಹಿಂಭಾಗ ಮುಚ್ಚಲು, ಹೆಬ್ಬೆರಳಿಗೆ ಒಂದು ಕುಣಿಕೆ. ಕಂಕುಳಿಗೆ ನಾಲ್ಕೂವರೆ ಇಂಚಿನ ಚೌಕ ತುಂಡು.

ಆ ಸಣ್ಣ ಚೌಕವೇ ಇಡೀ ಕೋಟಿನ ಜೀವ. ಸ್ಕೂಟಿ ಹ್ಯಾಂಡಲ್ ಹಿಡಿದಾಗ ಎರಡೂ ತೋಳು ಮುಂದಕ್ಕೆ ಚಾಚುತ್ತವೆ, ಬೆನ್ನು ಬಿಗಿಯುತ್ತದೆ, ಜಗ್ಗಾಟವೆಲ್ಲ ಕಂಕುಳಿಗೆ ಬೀಳುತ್ತದೆ. ಚೌಕವನ್ನು ಮೂಲೆ ಮೇಲೆ ಮಾಡಿ ಕೂರಿಸಿದರೆ ಬಟ್ಟೆ ಅಡ್ಡಡ್ಡ ಹಿಗ್ಗಿ ಜಾಗ ಕೊಡುತ್ತದೆ. ಬೆನ್ನಿಗೆ ಒಂದು ಚುಣ್ಣಿಯನ್ನೂ (ಬಿಚ್ಚಿಕೊಳ್ಳುವ ಮಡಿಕೆ) ಬಿಟ್ಟೆ, ಹಿಂದೆ ಕೆಳಗೆ ಸೀಟಿನ ಮೇಲೆ ಕೂರಲು ಸೀಳು.

ಅಳತೆ ನೋಡುವುದನ್ನು ಕನ್ನಡಿ ಮುಂದೆ ನಿಲ್ಲಿಸಿ ಮಾಡಲಿಲ್ಲ. ಮೇಡಂ ಸ್ಕೂಟಿಯನ್ನೇ ಬಾಗಿಲಿಗೆ ತರಿಸಿ, ಕಚ್ಚಾ ಹೊಲಿಗೆಯ ಕೋಟು ಹಾಕಿಸಿ ಮೇಲೆ ಕೂರಿಸಿದೆ. ಹೆಲ್ಮೆಟ್ಟು, ಮುಖಕ್ಕೆ ಸ್ಕಾರ್ಫ್ ಇದ್ದರೆ ನನಗೆ ತುಟಿ ಕಾಣುವುದಿಲ್ಲ, ಆದ್ದರಿಂದ ಮೊದಲೇ ಮೂರು ಸನ್ನೆ ಒಪ್ಪಿಕೊಂಡಿದ್ದೆವು: ಬಿಗಿ, ಸಡಿಲ, ಚುಚ್ಚುತ್ತದೆ. ಮೇಡಂ ಬ್ರೇಕ್ ಹಿಡಿದು, ತಿರುಗಿ ನೋಡಿ, ಕಾಲು ಊರಿ, ಒಂದೊಂದಕ್ಕೂ ಸನ್ನೆ ಮಾಡಿದರು. ಕೊರಳ ಹಿಂದೆ ಬಿಸಿಲು ಬೀಳುತ್ತಿದ್ದುದು ಗೊತ್ತಾದದ್ದು ಅವರು ತಲೆ ತಗ್ಗಿಸಿ ಇಂಡಿಕೇಟರ್ ನೋಡಿದಾಗ. ಕಾಲರ್ ಅಲ್ಲಿಗೆ ಒಂದಿಂಚು ಏರಿತು.

ಭುಜ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬಿಸಿಲು ನೇರ ಬೀಳುತ್ತದೆ, ಅಲ್ಲಿಗೆ ಮೂರು ಪದರಿನ ಕೌದಿ. ಮೇಲೆ ಬಣ್ಣದ ಬಟ್ಟೆ, ನಡುವೆ ಸವೆದ ತುಂಡುಗಳು, ಒಳಗೆ ಮೆತ್ತನೆಯ ಬಿಳಿ. ಕೌದಿ ಹೊಲಿದಂತೆ ಬಟ್ಟೆ ಒಳಕ್ಕೆ ಸೇದುತ್ತದೆ, ಆದ್ದರಿಂದ ಸುತ್ತ ಎರಡಿಂಚು ಹೆಚ್ಚಿಟ್ಟು ಹೊಲಿದು ಆಮೇಲೆ ಅಳತೆಗೆ ಕತ್ತರಿಸಬೇಕು. ಆಯಿ ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತಾ ಹೋಗುತ್ತಾರೆ, ಸಾಲಿನಿಂದ ಸಾಲಿಗೆ ಅರ್ಧ ಇಂಚು, ಪಟ್ಟಿ ಹಿಡಿದು ಅಳೆದ ಹಾಗೆ. ತಂಗಿ ದಾರ ಬಿಗಿದರೆ ಆಯಿ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿ, ಮುಷ್ಟಿ ಬಿಚ್ಚಿ ತೋರಿಸುತ್ತಾರೆ. ನಮ್ಮ ಕೋಣೆಯಲ್ಲಿ ಈಗ ಅದು "ಸಡಿಲ ಬಿಡು" ಅನ್ನುವ ಸನ್ನೆ.

ಹೊಲಿಗೆಗೆ ಬಂದರೆ, ನಾನು ಪಟ್ಟು ಹಿಡಿಯುವುದು ಒಂದೇ ವಿಷಯಕ್ಕೆ: ಹರಿದರೆ ಹೊಲಿಗೆ ಹರಿಯಬೇಕು, ಬಟ್ಟೆಯಲ್ಲ. ಹೊಲಿಗೆ ಬಿಚ್ಚಿದರೆ ಹತ್ತು ನಿಮಿಷದ ಕೆಲಸ, ಬಟ್ಟೆ ಹರಿದರೆ ತೇಪೆ. ಅದಕ್ಕೆ ದಾರ ಹತ್ತಿಯದು, ಬಟ್ಟೆಗಿಂತ ಒಂದು ಗುಂಜಿ ಕಡಿಮೆ ಗಟ್ಟಿ ಇರಬೇಕು. ಸೂಜಿ 11ನೇ ನಂಬರ್, ಕೌದಿ ಸೇರುವ ಕಡೆ ಮಾತ್ರ 14. ಟಾಕು ಇಂಚಿಗೆ ಎಂಟು ಒಂಬತ್ತು ಸಾಕು. ಮಗ್ಗುಲಲ್ಲಿ ಒಳಗೆ ಪೂರ್ತಿ ಒಂದಿಂಚು ಬಟ್ಟೆ ಬಿಟ್ಟು, ಅಂಚು ಮಡಚಿ ಕೈಯಿಂದ ತುರಪಾಯಿ ಹೊಲಿಗೆ ಹಾಕಿದೆ; ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಬಹುದು. ಬೇರೆ ಕಡೆ ಅಂಚನ್ನು ಒಳಗೇ ಮುಚ್ಚಿ ಎರಡು ಸಲ ಹೊಲಿಗೆ. ಓವರ್‌ಲಾಕ್ ಎಲ್ಲೂ ಇಲ್ಲ. ಮುಂದೆ ಗಾಳಿಗೆ ತೆರೆಯದಂತೆ ಮೂರಿಂಚು ಒಂದರ ಮೇಲೊಂದು, ಗುಂಡಿ ತೆಂಗಿನ ಚಿಪ್ಪಿನವು. ಜಿಪ್ ಹಾಕಲಿಲ್ಲ. ಜಿಪ್ ಕೆಟ್ಟಿತು ಅಂತ ಇಡೀ ಕೋಟು ಮೂಲೆ ಸೇರುವುದನ್ನು ಬಹಳ ನೋಡಿದ್ದೇನೆ.

ದುಡ್ಡಿನ ಮಾತು. ಕೌದಿಗೆ ಒಂದಕ್ಕೆ ಇಷ್ಟು ಅಂತ ಗುತ್ತಿಗೆ ಮಾತಾಡುವುದು ರೂಢಿ. ಹಾಗೆ ಮಾತಾಡಿದರೆ ಅವಸರ ಬೀಳುತ್ತದೆ, ಕಣ್ಣು ಹೋಗುವುದು ಹೊಲಿಯುವವರದು. ನಾನು ತಾಸಿನ ಲೆಕ್ಕದಲ್ಲಿ ಕೊಡುತ್ತೇನೆ, ಮೂವರಿಗೂ ಒಂದೇ ದರ. ಮೊದಲು ನಾನು ದುಡಿದ ಒಂದು ಅಂಗಡಿಯಲ್ಲಿ, ಗಿರಾಕಿ ಜೊತೆ ಮಾತಾಡಲು ಬರುವುದಿಲ್ಲ ಅಂತ ನನಗೆ ಬೇರೆಯವರ ಅರ್ಧ ಕೂಲಿ ಕೊಡುತ್ತಿದ್ದರು, ಹೊಲಿಯುತ್ತಿದ್ದದ್ದು ಅವರಷ್ಟೇ. ಅಂಗವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಾನು ಓದಿದ್ದು ಆ ಅಂಗಡಿ ಬಿಟ್ಟ ಮೇಲೆ.

ಈ ಕೋಟಿನ ಬೆಲೆಯಲ್ಲಿ ಮುಕ್ಕಾಲು ಪಾಲು ಕೂಲಿ. ಬಟ್ಟೆ, ಬಣ್ಣ, ಗುಂಡಿ, ದಾರ ಎಲ್ಲ ಸೇರಿ ಉಳಿದ ಕಾಲು. ಅದನ್ನು ಹಾಗೆಯೇ ಬಟ್ಟೆ ಚೀಟಿಯ ಮೇಲೆ ಬರೆದು ಒಳಗೆ ಹೊಲಿದಿದ್ದೇನೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು, ಹೆಚ್ಚಿನವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು, ಆದರೂ ಮಾಲು ಕಳಿಸುವ ಗಡುವಿಗೆ ಅವರನ್ನು ಒಳಗೆ ಕರೆದರು. ಅಲ್ಲಿ ಹೊಲಿದ ಬಟ್ಟೆಗಳ ಚೀಟಿ ಮೇಲೆ ಕಂಪನಿ ಹೆಸರು ಇತ್ತು, ಹೊಲಿದವರ ಕೂಲಿ ಇರಲಿಲ್ಲ. ನಮ್ಮ ಜಿಲ್ಲೆಗೂ ಕೇಂದ್ರ ಸರ್ಕಾರದ ಪಿಎಂ ಮಿತ್ರ ಜವಳಿ ಪಾರ್ಕ್ ಮಂಜೂರಾಗಿದೆ, 2023ರಲ್ಲಿ ಹೆಸರು ಪ್ರಕಟಿಸಿದರು. ಸಾವಿರಾರು ಹೆಣ್ಣುಮಕ್ಕಳು ಅಲ್ಲಿ ಮಿಷನ್ ಮುಂದೆ ಕೂರುವ ದಿನ ಬಂದಾಗ ಬೆಂಕಿ ಅಲಾರಂ ಸದ್ದಿನ ಜೊತೆ ದೀಪವೂ ಮಿನುಗಬೇಕು, ಸೂಪರ್‌ವೈಸರ್‌ಗೆ ಹತ್ತು ಸನ್ನೆಯಾದರೂ ಬರಬೇಕು. ಕೇಳಿಸದವರು ಹೊಲಿಗೆಗೆ ಬಂದೇ ಬರುತ್ತಾರೆ.

ಮೇಡಂ ಒಂದು ಇಡೀ ಬೇಸಿಗೆ ಈ ಕೋಟು ಹಾಕಿ ಸೇಡಂ ರಸ್ತೆಯಲ್ಲಿ ಓಡಾಡಿದರು. ಮಳೆ ಶುರುವಾದ ಮೇಲೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಬರೆದರು: "ಬಲಗಡೆ ಕಂಕುಳಾಗ ಹೊಲಿಗಿ ಬಿಚ್ಚ್ಯಾದ ನೋಡ್ರಿ, ಬಟ್ಟಿ ಏನೂ ಆಗಿಲ್ಲ." ಚೌಕ ತುಂಡಿನ ಒಂದು ಮೂಲೆಯಲ್ಲಿ ಮೂರು ಬೆರಳಷ್ಟು ದಾರ ಹರಿದಿತ್ತು. ಅದೇ ಸೂಜಿ ತೂತುಗಳಲ್ಲೇ ಮತ್ತೆ ಕೈಹೊಲಿಗೆ ಹಾಕಿ ಕೊಟ್ಟೆ. ಬಣ್ಣ ಭುಜದ ಮೇಲೆ ತುಸು ಮಾಸಿದೆ, ಮುಂದಿನ ಹೋಳಿಯ ಹೊತ್ತಿಗೆ ಮತ್ತೊಂದು ಸಲ ಸಿಪ್ಪೆ ನೀರಿಗೆ ಹಾಕಬೇಕು. ಒಗೆಯುವಾಗ ಅಂಟುವಾಳ ಬಳಸಿ, ನೆರಳಲ್ಲಿ ಒಳಮಗ್ಗಲು ಮೇಲೆ ಮಾಡಿ ಹಾಕಿ. ನಿಂಬೆಹುಳಿ ತಾಗಿಸಬೇಡಿ, ಬಣ್ಣ ಅಲ್ಲಲ್ಲೇ ಬಿಡುತ್ತದೆ.

ಮುಂದಿನ ಕೋಟಿಗೆ ಎರಡು ಬದಲಾವಣೆ ಇವೆ. ಹೆಬ್ಬೆರಳ ಕುಣಿಕೆ ಬೆವರಿಗೆ ಬೇಗ ಸವೆದಿದೆ, ಅಲ್ಲಿ ಧೋತರದ ಅಂಚುಪಟ್ಟಿಯನ್ನೇ ಮಡಚಿ ಹಾಕುತ್ತೇನೆ. ಜೇಬು ಎಡಗಡೆ ಎದೆಯ ಮೇಲೆ ಬರುತ್ತದೆ, ನಡುವೆ ಪದರು ಹಾಕಿದ ಜೇಬು, ಮೊಬೈಲು ಬಿಸಿಯಾಗದ ಹಾಗೆ. ಧೋತರ ಈಗಾಗಲೇ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಯುತ್ತಿವೆ.